ವಾರ್ಸಾದ ಹಳೇ ಪೇಟೆ ನಕಲಿಯೇ?

ಪ್ರಶ್ನೆ: ಪೋಲೆಂಡಿನ ರಾಜಧಾನಿ ವಾರ್ಸಾದ ಹಳೇ ಪೇಟೆಯ ಫೋಟೊ ನೋಡಿ ಮರುಳಾಗಿದ್ದೆ. ಅದೆಲ್ಲ ಎರಡನೇ ಮಹಾಯುದ್ಧ ಮುಗಿದ ಮೇಲೆ ಕಟ್ಟಿದ್ದು ಅಂತ ಗೆಳೆಯ ಹೇಳಿದ. ಹಾಗಾದರೆ ಅದು ಸಿನಿಮಾ ಸೆಟ್ ಇದ್ದ ಹಾಗೆ ಅಲ್ವಾ?

ಉತ್ತರ: ಗೆಳೆಯ ಹೇಳಿದ್ದು ನಿಜ. ಆದರೆ ಸೆಟ್ ಅನ್ನುವ ಮಾತನ್ನು ನಾನು ಖಂಡಿತ ಒಪ್ಪುವುದಿಲ್ಲ.

ಅಲ್ಲಿಗೆ ಹೋದಾಗ ನಾನು ಜಾಸ್ತಿ ಹೊತ್ತು ನಿಂತದ್ದು ಅರಮನೆಯ ಪಕ್ಕದ ಹುಲ್ಲಿನಲ್ಲಿ. ಅಲ್ಲಿ ಮುರಿದ ಕಲ್ಲುಕಂಬಗಳು ಅಡ್ಡ ಬಿದ್ದಿವೆ. ಆಳೆತ್ತರದ ಮನುಷ್ಯ ತಬ್ಬಿದರೂ ಕೈಗೆ ಸಿಗದಷ್ಟು ದಪ್ಪ. ಆಸ್ಥಾನವನ್ನು ಕ್ರಾಕೋದಿಂದ ವಾರ್ಸಾಕ್ಕೆ ತಂದ ದೊರೆ ಮೂರನೇ ಸಿಗಿಸ್ಮಂಡ್. ಅವನ ನೆನಪಿಗೆ ಮಗ 1644ರಲ್ಲಿ ನಿಲ್ಲಿಸಿದ ಕಂಬ ಅದು. ಕಲ್ಲು ಹಳತಾದಾಗ 19ನೇ ಶತಮಾನದಲ್ಲಿ ಬದಲಿಸಿದರು. 1944ರಲ್ಲಿ ಅದೂ ಉರುಳಿತು. 1949ರಲ್ಲಿ ಹೊಸ ಕಂಬದ ಮೇಲೆ ದೊರೆಯ ಅದೇ ಕಂಚಿನ ಮೂರ್ತಿಯನ್ನು ಮತ್ತೆ ಹತ್ತಿಸಿದರು. ಹಳೇ ತುಂಡುಗಳನ್ನು ಎಸೆಯಲಿಲ್ಲ.

ಈ ಊರಿಗೆ ಏಟು ಹೊಸದಲ್ಲ. 1795ರಲ್ಲಿ ನೆರೆಯವರು ದೇಶವನ್ನೇ ಹಂಚಿಕೊಂಡರು. ಮತ್ತೆ ಸ್ವತಂತ್ರ ದೇಶದ ರಾಜಧಾನಿಯಾಗಲು 1918 ಬರಬೇಕಾಯಿತು. ಆದರೆ 1944ರದ್ದು ಬೇರೆಯದೇ ಕಥೆ. ಆಗಸ್ಟ್ 1ರಂದು ಜನ ನಾಜಿಗಳ ವಿರುದ್ಧ ದಂಗೆ ಎದ್ದು 63 ದಿನ ಹೋರಾಡಿದರು. ಸೋತ ಮೇಲೆ ಉಳಿದವರನ್ನು ಊರಿನಿಂದಲೇ ಓಡಿಸಿ, ಜರ್ಮನ್ ಪಡೆಗಳು ಒಂದೊಂದೇ ಕಟ್ಟಡಕ್ಕೆ ಬೆಂಕಿ ಇಟ್ಟವು, ಸಿಡಿಮದ್ದು ತುಂಬಿದವು. ಬರೀ ಲೂಟಿ ಅಲ್ಲ, ಅಳಿಸಿಹಾಕುವ ಕೆಲಸ.

ಹಾಗಿದ್ದೂ ಮತ್ತೆ ಕಟ್ಟಿದ್ದು ಹೇಗೆ? ಪಾಲಿಟೆಕ್ನಿಕ್‌ನ ಮೇಷ್ಟ್ರು, ವಿದ್ಯಾರ್ಥಿಗಳು ಹಳೇ ಮನೆಗಳ ಅಳತೆ ತೆಗೆದು ನಕ್ಷೆ ಬರೆದಿಟ್ಟಿದ್ದರು. ಯುದ್ಧದ ನಡುವೆಯೇ ಅವನ್ನು ಊರಾಚೆ ಸಾಗಿಸಿ ಪಿಯೋಟ್ರ್ಕುವ್‌ನ ಮಠವೊಂದರಲ್ಲಿ ಬಚ್ಚಿಟ್ಟರು. ಸಿಕ್ಕಿಬಿದ್ದಿದ್ದರೆ ಜೀವಕ್ಕೇ ಕುತ್ತು! ಇನ್ನೊಂದು ಆಸರೆ, ಬೆರ್ನಾರ್ಡೊ ಬೆಲೊಟ್ಟೊ ಅನ್ನುವ ಇಟಲಿಯ ಕಲಾವಿದ 18ನೇ ಶತಮಾನದಲ್ಲಿ ಪೋಲೆಂಡಿನ ಕೊನೆಯ ದೊರೆಗಾಗಿ ಬರೆದ ವಾರ್ಸಾದ ಚಿತ್ರಗಳು. ಕಿಟಕಿ, ಚಾವಣಿ ಬಿಡದೆ ಬರೆದಿದ್ದ. ಕೆಲವು ಕಡೆ ಕಣ್ಣಿಗೆ ಚಂದವಾಗಲೆಂದು ಸ್ವಲ್ಪ ತಿದ್ದಿಯೂ ಇದ್ದ. ಹಾಗಾಗಿ ಇವತ್ತಿನ ಕೆಲವು ಮನೆಗಳು 1939ರಲ್ಲಿದ್ದ ಹಾಗಿಲ್ಲ, ಅವನ ಚಿತ್ರದ ಹಾಗಿವೆ. ಇದನ್ನೂ ಒಪ್ಪಿಕೊಳ್ಳಬೇಕು.

ಹಳೇ ಪೇಟೆಯ ಚೌಕ 1953ರಲ್ಲಿ ತೆರೆಯಿತು. 1980ರಲ್ಲಿ ಹಳೇ ಪೇಟೆ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಅರಮನೆಯ ಕೆಲಸ ಶುರುವಾದದ್ದು ಮಾತ್ರ 1971ರಲ್ಲಿ, ಅದಕ್ಕೆ ಜನರೇ ಚಂದಾ ಕೊಟ್ಟರು. ಬಾಂಬು ಬೀಳುತ್ತಿದ್ದ 1939ರಲ್ಲಿ ಮ್ಯೂಸಿಯಂ ನೌಕರರು ಅಲ್ಲಿಂದ ಚಿತ್ರ, ಬಾಗಿಲು, ಕೆತ್ತನೆ ಅಂತ ಕೈಗೆ ಸಿಕ್ಕಿದ್ದನ್ನೆಲ್ಲ ಹೊತ್ತು ಹೊರಗೆ ತಂದಿದ್ದರು. ಅವು ಈಗ ಹೊಸ ಗೋಡೆಗಳ ನಡುವೆ ತಮ್ಮ ತಮ್ಮ ಜಾಗದಲ್ಲಿವೆ.