ರಾತ್ರಿಯೆಲ್ಲ ಒಂದಕ್ಕೆ ಏಳುವಂತಾದರೆ ನೀರು ಕಡಿಮೆ ಮಾಡಬೇಕೇ?

ಸಂಜೆ ಆರರ ಮೇಲೆ ನೀರು ಮುಟ್ಟದಿದ್ದರೆ ರಾತ್ರಿ ನಾಲ್ಕೈದು ಸಲ ಏಳುವುದು ತಪ್ಪುತ್ತದೆಯೇ ಎಂದು ಕೇಳಿದ್ದೀರಿ. ದಯವಿಟ್ಟು ನೀರು ಬಿಡಬೇಡಿ. ನಾನು ಬಿಟ್ಟಿದ್ದೆ.

ಆಗ ನನಗೆ 38 ವರ್ಷ. ಬನಶಂಕರಿಯಿಂದ ಮಾರತ್ತಹಳ್ಳಿಗೆ ಆಫೀಸ್ ಕ್ಯಾಬಿನಲ್ಲಿ ಹೋಗಿಬರುತ್ತಿದ್ದೆ. ಸಿಲ್ಕ್ ಬೋರ್ಡ್ ಹತ್ತಿರ ಗಾಡಿ ನಿಂತರೆ ತಡೆದುಕೊಂಡು ತಡೆದುಕೊಂಡು ಬೆವರು ಕಿತ್ತುಬರುತ್ತಿತ್ತು. ಹೊರಡುವ ಮುಂಚೆ ನೀರು ಕುಡಿಯುವುದು ನಿಲ್ಲಿಸಿದೆ. ಆಮೇಲೆ ಮಧ್ಯಾಹ್ನದ್ದೂ ನಿಲ್ಲಿಸಿದೆ, ರಾತ್ರಿಯದ್ದೂ ನಿಲ್ಲಿಸಿದೆ. ಏಳುವುದು ಮಾತ್ರ ನಿಲ್ಲಲಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ತಡೆಯಲಾಗದೆ ಆಫೀಸಿನ ಕೆಳಗೆ ಕಬ್ಬಿನ ಹಾಲು ಕುಡಿಯುತ್ತಿದ್ದೆ, ನೀರಲ್ಲವಲ್ಲ ಅಂತ.

ನನ್ನ ತಪ್ಪು ಇಷ್ಟೇ, ಆದರೆ ಇದನ್ನು ಬಿಡಿಸಿ ಹೇಳಲೇಬೇಕು. ನೀರು ಕುಡಿಯುತ್ತೇನೆ, ಅದಕ್ಕೇ ಅಷ್ಟು ಹೋಗುತ್ತದೆ ಅಂದುಕೊಂಡಿದ್ದೆ. ನಡೆಯುತ್ತಿದ್ದದ್ದು ತಿರುಗುಮುರುಗು: ಮೊದಲು ಹೋಗುತ್ತಿತ್ತು, ಅದಕ್ಕೇ ಬಾಯಾರುತ್ತಿತ್ತು. ರಕ್ತದಲ್ಲಿ ಸಕ್ಕರೆ ಸುಮಾರು 180 (ಮಿ.ಗ್ರಾಂ/ಡೆಸಿಲೀಟರ್) ದಾಟಿದರೆ ಮೂತ್ರಪಿಂಡಗಳಿಗೆ ಅದನ್ನೆಲ್ಲ ವಾಪಸ್ ಹೀರಿಕೊಳ್ಳಲು ಆಗುವುದಿಲ್ಲ. ಮೂತ್ರಕ್ಕೆ ಇಳಿದ ಸಕ್ಕರೆ ನೀರನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಟ್ಯಾಂಕ್ ಸೋರುತ್ತಿದೆ ಎಂದು ಮೋಟರ್ ಆಫ್ ಮಾಡಿ ಕೂತಿದ್ದೆ ನಾನು. ಸೋರುವುದು ಸೋರುತ್ತಲೇ ಇತ್ತು, ಮೈ ಒಣಗುತ್ತಿತ್ತು.

ಬಚ್ಚಲಲ್ಲಿ ಕಮೋಡಿನ ಅಂಚಿಗೆ ಇರುವೆ ಸಾಲು ಹತ್ತುತ್ತಿತ್ತು. ಬೆಲ್ಟಿಗೆ ಮೊಳೆ ಹೊಡೆದು ಇನ್ನೊಂದು ತೂತು ಮಾಡಿಕೊಂಡಿದ್ದೆ. ಕೊನೆಗೆ ಹಾಸನದಿಂದ ಬಂದ ಅಮ್ಮ ಬಾಗಿಲಲ್ಲೇ, "ಯಾಕ್ಲಾ ಮಗಾ ಹಿಂಗ್ ಸೊರಗೋಗಿದ್ದೀಯ? ಸಕ್ರೆ ನೋಡುಸ್ಕಂಡ್ಯಾ?" ಅಂದರು. ಮಾರನೇ ದಿನ ನೋಡಿದರೆ 462. ಎರಡು ದಿನ ಡ್ರಿಪ್ ಹಾಕಿದರು. ನೀರಿಲ್ಲದೆ ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕಬೇಕಾದ ಕಶ್ಮಲ) ಕೂಡ ರಕ್ತದಲ್ಲಿ ಏರಿತ್ತು.

ಹಾಗಾಗಿ ಎಷ್ಟು ಕುಡಿಯಬೇಕು ಅನ್ನುವುದು ಈಗಿನ ಪ್ರಶ್ನೆಯೇ ಅಲ್ಲ. ಎಷ್ಟು ಹೋಗುತ್ತಿದೆ ಅಂತ ಅಳೆಯಿರಿ. ಒಂದು ಲೀಟರಿನ ಹಳೇ ಜಗ್ ಇಟ್ಟುಕೊಂಡು ಒಂದು ಹಗಲು, ಒಂದು ರಾತ್ರಿ ಬರೆದಿಡಿ. 24 ಗಂಟೆಗೆ 3 ಲೀಟರ್ ದಾಟಿದರೆ ನಿಜವಾಗಿಯೂ ಅತಿಮೂತ್ರ. ಪದೇ ಪದೇ ಬಂದು ಸ್ವಲ್ಪ ಸ್ವಲ್ಪವೇ ಹೋದರೆ ಸೋಂಕು, ಪ್ರಾಸ್ಟೇಟ್ ಅಥವಾ ಮೂತ್ರಕೋಶದ ತೊಂದರೆ ಇರಬಹುದು, ಅದರ ದಾರಿ ಬೇರೆ. ಖಾಲಿ ಹೊಟ್ಟೆಯ ಸಕ್ಕರೆ 126, ಇಲ್ಲವೇ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಶೇಕಡಾ 6.5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಮಧುಮೇಹದ ಮಟ್ಟ. ಸಕ್ಕರೆ ಸರಿಯಿದೆ ಅಂತ ಸುಮ್ಮನಾಗಬೇಡಿ. ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಾದರೂ, ಬಿಪಿಗೆ ಕೊಡುವ ಕೆಲವು ಮಾತ್ರೆಗಳಿಂದಲೂ, ಮನೋರೋಗಕ್ಕೆ ಕೊಡುವ ಲಿಥಿಯಂನಿಂದಲೂ ಹೀಗಾಗುತ್ತದೆ. ಡಯಾಬಿಟಿಸ್ ಇನ್ಸಿಪಿಡಸ್ ಅಂತ ಇನ್ನೊಂದಿದೆ, ಅದಕ್ಕೂ ಸಕ್ಕರೆಗೂ ಸಂಬಂಧವಿಲ್ಲ. ನೀರು ಹಿಡಿದಿಡುವ ಹಾರ್ಮೋನ್ ಸಾಲದೆಯೋ, ಅದರ ಮಾತು ಮೂತ್ರಪಿಂಡ ಕೇಳದೆಯೋ ಬರುತ್ತದೆ. ಅದರಲ್ಲಿ ನೀರು ಬಿಟ್ಟರೆ ಜೀವಕ್ಕೇ ಅಪಾಯ.

ವಾಂತಿ, ಮಂಪರು, ಏದುಸಿರು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಇಲ್ಲದಿದ್ದರೆ ನಾಳೆ ಕಾಫಿಗೆ ಮುಂಚೆ ರಕ್ತ ಕೊಟ್ಟು ಬನ್ನಿ. ವೈದ್ಯರೇ ನೀರಿಗೆ ಮಿತಿ ಹಾಕಿದ್ದರೆ ಬೇರೆ ಮಾತು, ಇಲ್ಲವಾದರೆ ಇವತ್ತು ರಾತ್ರಿ ಒಂದು ತಂಬಿಗೆ ನೀರು ತಲೆದೆಸೆಗೆ ಇಟ್ಟುಕೊಂಡೇ ಮಲಗಿ.