ಲಿನಕ್ಸ್‌ನಲ್ಲಿ ಎರಡನೇ ವೆಬ್‌ಕ್ಯಾಮ್‌ಗೆ 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್' ಬರುತ್ತಿದ್ದರೆ
ಡಿಸ್ಕ್ ತುಂಬಿಲ್ಲ, ಡ್ರೈವರ್ ಕೆಟ್ಟಿಲ್ಲ. ಖಾಲಿಯಾಗಿರುವುದು ಯುಎಸ್‌ಬಿ ಬ್ಯಾಂಡ್‌ವಿಡ್ತ್, ಅಂದರೆ ಆ ದಾರಿಯಲ್ಲಿ ಡೇಟಾ ಸಾಗಲು ಇರುವ ಜಾಗ. ನೀವು ಕಲಬುರಗಿಯ ಟ್ಯೂಷನ್ ಕ್ಲಾಸಿಗೆ ಒಂದು ಕ್ಯಾಮೆರಾ ಮುಖಕ್ಕೆ, ಒಂದು ನೋಟ್‌ಬುಕ್ಕಿಗೆ ಇಟ್ಟು, ಎರಡನ್ನೂ ಒಂದೇ ಹಬ್‌ಗೆ ಹಾಕಿದ್ದೀರಿ ಅಲ್ವಾ? ಬೀದರ್‌ನಲ್ಲಿ ನಮ್ಮ ಲ್ಯಾಬಲ್ಲೂ ಹೀಗೇ ಆಗಿತ್ತು.

ಯುಎಸ್‌ಬಿ 2.0ದಲ್ಲಿ 125 ಮೈಕ್ರೋಸೆಕೆಂಡಿಗೆ ಸುಮಾರು 6000 ಬೈಟ್ ಮಾತ್ರ ಇಂಥ ವಿಡಿಯೊಗೆ ಮೀಸಲಿಡಬಹುದು. ಎಷ್ಟೋ ಕ್ಯಾಮೆರಾಗಳು ಬೇಕಿಲ್ಲದಿದ್ದರೂ 3072 ಬೈಟ್ ಕೇಳುತ್ತವೆ. ಎರಡು ಸೇರಿದರೆ 6144. ಕರ್ನಲ್ (ಲಿನಕ್ಸಿನ ಒಳಗಿನ ಮುಖ್ಯ ಭಾಗ) ಎರಡನೆಯದಕ್ಕೆ ಇಲ್ಲ ಅನ್ನುತ್ತದೆ. ನೀಲಿ ಪೋರ್ಟಿನ (ಯುಎಸ್‌ಬಿ 3.0) ಹಬ್ ತಂದರೂ ಪ್ರಯೋಜನ ಇಲ್ಲ, ಸುಮ್ನೆ ದುಡ್ಡು ಹಾಳು. ಅದರೊಳಗೂ 2.0 ಕ್ಯಾಮೆರಾಗಳಿಗೆ ಒಂದೇ ದಾರಿ.

ಮೊದಲು ಟರ್ಮಿನಲ್‌ನಲ್ಲಿ 'ಎಲ್‌ಎಸ್‌ಯುಎಸ್‌ಬಿ -ಟಿ' ಕೊಟ್ಟು ಎರಡೂ ಒಂದೇ ಬಸ್‌ನಲ್ಲಿ, ಅಂದರೆ ಒಂದೇ ಯುಎಸ್‌ಬಿ ದಾರಿಯಲ್ಲಿ, ಇವೆಯೇ ನೋಡಿ. ಕಂಪ್ಯೂಟರಿನಲ್ಲಿ ಬೇರೆ ಬಸ್‌ನ ಪೋರ್ಟ್ ಇದ್ದರೆ ಒಂದನ್ನು ಅಲ್ಲಿಗೆ ಹಾಕಿ, ಕೆಲಸ ಮುಗಿಯಿತು.

ಇಲ್ಲದಿದ್ದರೆ ಕ್ಯಾಮೆರಾ ಬಳಸುವ ಎಲ್ಲ ಆ್ಯಪ್ ಮುಚ್ಚಿ. 'ಸುಡೊ ಆರ್‌ಎಂಮಾಡ್ ಯುವಿಸಿವಿಡಿಯೊ' ಕೊಟ್ಟು ಕ್ಯಾಮೆರಾದ ಡ್ರೈವರ್ ತೆಗೆಯಿರಿ. ಆಮೇಲೆ 'ಸುಡೊ ಮಾಡ್‌ಪ್ರೋಬ್ ಯುವಿಸಿವಿಡಿಯೊ ಕ್ವಿರ್ಕ್ಸ್=128' ಕೊಟ್ಟು ಮತ್ತೆ ಹಾಕಿ. ಇದರಿಂದ ಡ್ರೈವರ್ ಕ್ಯಾಮೆರಾ ಹೇಳಿದ್ದನ್ನು ನಂಬದೆ ತಾನೇ ಲೆಕ್ಕ ಹಾಕುತ್ತದೆ. ಆದರೆ ಈ ಲೆಕ್ಕ ಕಂಪ್ರೆಸ್ ಆಗದ ಫಾರ್ಮ್ಯಾಟ್‌ಗೆ ಮಾತ್ರ. ಆದ್ದರಿಂದ ಎರಡೂ ಕ್ಯಾಮೆರಾಗಳಿಗೆ ವಿಡಿಯೊ ಆ್ಯಪ್‌ನಲ್ಲಿ ವೈಯುವೈವಿ (ಕಂಪ್ರೆಸ್ ಆಗದ ಫಾರ್ಮ್ಯಾಟ್), 640×480, ಸೆಕೆಂಡಿಗೆ 15 ಫ್ರೇಮ್ ಇಡಿ. ಆಗ ಒಂದಕ್ಕೆ ಸುಮಾರು 1150 ಬೈಟ್ ಸಾಕು. ನೋಟ್‌ಬುಕ್ ತೋರಿಸಲು 15 ಫ್ರೇಮ್ ಚೆನ್ನಾಗೇ ಇರುತ್ತದೆ. ನಿಮ್ಮ ಕ್ಯಾಮೆರಾ 15 ಕೊಡದಿದ್ದರೆ 320×240ಕ್ಕೆ ಇಳಿಸಿ ನೋಡಿ.

ಎರಡೂ ಒಟ್ಟಿಗೆ ಹತ್ತು ನಿಮಿಷ ಓಡಿದರೆ, ಮಾಡ್‌ಪ್ರೋಬ್.ಡಿ ಫೋಲ್ಡರಿನ ಒಂದು ಕಾನ್ಫ್ ಫೈಲಿನಲ್ಲಿ 'ಆಪ್ಷನ್ಸ್ ಯುವಿಸಿವಿಡಿಯೊ ಕ್ವಿರ್ಕ್ಸ್=128' ಎಂದು ಬರೆದಿಡಿ. ಇಲ್ಲದಿದ್ದರೆ ರೀಬೂಟ್ ಆದಾಗ ಹೋಗಿಬಿಡುತ್ತದೆ.