ಸಂಡೇ ಸ್ಕೂಲ್ ಬಿಟ್ಟರೆ ಪಾಪವೇ?

ಪ್ರಶ್ನೆ: 18 ವರ್ಷದಿಂದ ನಮ್ಮ ಚರ್ಚಿನ ಸಂಡೇ ಸ್ಕೂಲ್ ನಡೆಸುತ್ತಿದ್ದೇನೆ. ಗಾಯನ ತಂಡ, ಕ್ರಿಸ್‌ಮಸ್ ನಾಟಕ, ಹೂವಿನ ಅಲಂಕಾರ ಎಲ್ಲವೂ ನನ್ನ ತಲೆಮೇಲೆ. ಈ ಸಲ ವಾರ್ಷಿಕೋತ್ಸವದಲ್ಲಿ ಮೊನ್ನೆ ಮೊನ್ನೆ ಬಂದವರಿಗೆಲ್ಲ ಶಾಲು ಹೊದಿಸಿದರು, ನನ್ನ ಹೆಸರೂ ಎತ್ತಲಿಲ್ಲ. ಅಂದಿನಿಂದ ನಿದ್ದೆಯಿಲ್ಲ, ಪ್ರಾರ್ಥನೆಗೆ ಕೂತರೆ ಅಳು. ಮನೆಯವರು ‘ಬಿಟ್ಟುಬಿಡು’ ಅನ್ನುತ್ತಾರೆ. ಆದರೆ ನಾನು ಬಿಟ್ಟರೆ ಮಾಡುವವರೇ ಇಲ್ಲ. ದೇವರ ಸೇವೆ ಬಿಡುವುದು ಪಾಪವಲ್ಲವೇ?
– ಹೆಸರು ಬೇಡ, ಧಾರವಾಡ

ಉತ್ತರ: ಸೋದರಿ, ಪ್ರತಿಫಲ ಪರಲೋಕದಲ್ಲಿದೆ ಎಂದು ಈಗಾಗಲೇ ನಾಲ್ಕು ಜನ ನಿಮಗೆ ಹೇಳಿರುತ್ತಾರೆ. ನಾನು ಹೇಳುವುದಿಲ್ಲ. ನೋವಾಗಿದೆ, ಆಗುವಂಥದ್ದೇ.

ಪ್ರವಾದಿ ಎಲೀಯನ ಕಥೆಯನ್ನು ಮಕ್ಕಳಿಗೆ ಎಷ್ಟೋ ಸಲ ಹೇಳಿರುತ್ತೀರಿ: ಕರ್ಮೆಲ್ ಬೆಟ್ಟ, ಬಾಳನೆಂಬ ಅನ್ಯದೇವತೆಯ 450 ಪ್ರವಾದಿಗಳು, ಮೇಲಿನಿಂದ ಬಿದ್ದ ಬೆಂಕಿ. ಪ್ರಸಂಗಗಳೂ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತವೆ. ಮುಂದೆ ಬರುವ ರೊಟ್ಟಿಯ ಕಥೆಗೆ ಬೆಂಕಿಯ ಕಳೆ ಎಲ್ಲಿ! ಅದರ ಮುಂದಿನದು, ಬೈಬಲಿನ ಅರಸುಗಳು ಮೊದಲನೇ ಪುಸ್ತಕದ 19ನೇ ಅಧ್ಯಾಯ, ಇವತ್ತು ನಿಮಗಾಗಿ ಓದಿಕೊಳ್ಳಿ. ಬಾಳನ ಭಕ್ತೆಯಾದ ರಾಣಿ ಈಜೆಬೆಲಳ ಕೊಲೆ ಬೆದರಿಕೆಗೆ ಓಡಿದ ಎಲೀಯ ಸೇವಕನನ್ನು ಬೇರ್ಷೆಬದಲ್ಲಿ ಬಿಟ್ಟು, ಒಬ್ಬನೇ ಒಂದು ದಿನದ ದಾರಿ ಕಾಡಿನೊಳಗೆ ನಡೆದು, ಗಿಡದ ಬುಡದಲ್ಲಿ ಕೂತು ‘ಸಾಕು, ನನ್ನ ಪ್ರಾಣ ತೆಗೆದುಕೋ’ ಅಂದ. ಯಾರೂ ಗದರಲಿಲ್ಲ. ದೇವದೂತನೊಬ್ಬ ತಟ್ಟಿ ಎಬ್ಬಿಸಿ, ಎದ್ದು ಊಟಮಾಡು ಅಂದ. ತಲೆದೆಸೆಯಲ್ಲಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ತಿಂದ, ಕುಡಿದ, ಮತ್ತೆ ಮಲಗಿದ. ದೂತ ಎರಡನೇ ಸಲವೂ ಬಂದು ಉಣ್ಣಿಸಿದ. ‘ಎಲೀಯನೇ, ಇಲ್ಲಿ ಏನು ಮಾಡುತ್ತಿದ್ದೀ?’ ಎಂದು ದೇವರು ಹೋರೇಬ್ ಬೆಟ್ಟದಲ್ಲಿ ಕೇಳಿದ್ದು ಇದೆಲ್ಲ ಆದಮೇಲೆ.

ಆದ್ದರಿಂದ ಬಿಡಬೇಕೋ ಬೇಡವೋ ಎಂಬ ತೀರ್ಮಾನ ಈಗ ಬೇಡ. ಎರಡು ತಿಂಗಳು ರಜೆ ಕೇಳಿ. ಭಾನುವಾರ ಆರಾಧನೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬನ್ನಿ. ನಿದ್ದೆ ಹೀಗೇ ಕೆಟ್ಟರೆ ಡಾಕ್ಟರಿಗೆ ತೋರಿಸಿ, ಅದು ವಿಶ್ವಾಸ ಕಡಿಮೆಯಾದ ಲಕ್ಷಣವಲ್ಲ.

ಇನ್ನು ‘ಮಾಡುವವರೇ ಇಲ್ಲ’ ಎಂಬ ಮಾತು. ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ, ಬೇಸರಪಟ್ಟುಕೊಳ್ಳಬೇಡಿ. ಎಲೀಯನೂ ‘ನಾನೊಬ್ಬನೇ ಉಳಿದಿದ್ದೇನೆ’ ಎಂದು ಹೋರೇಬಿನಲ್ಲಿ ಎರಡೆರಡು ಸಲ ಅಂದ. ಈಜೆಬೆಲಳ ಕೈಗೆ ಸಿಗದಂತೆ ದೇವರ 100 ಪ್ರವಾದಿಗಳನ್ನು ಐವತ್ತೈವತ್ತರಂತೆ ಗವಿಗಳಲ್ಲಿ ಅಡಗಿಸಿ ಸಾಕಿದ್ದನ್ನು ಅರಮನೆಯ ಮೇಲ್ವಿಚಾರಕ ಓಬದ್ಯ ಅವನ ಮುಂದೆಯೇ ನಿಂತು ಹೇಳಿದ್ದ! ದಣಿದ ಮನಸ್ಸಿಗೆ ಅದು ಲೆಕ್ಕಕ್ಕೇ ಬರಲಿಲ್ಲ. ಬಾಳನಿಗೆ ಮೊಣಕಾಲೂರದವರು 7000 ಮಂದಿ ಇದ್ದಾರೆಂದು ದೇವರೇ ಹೇಳಬೇಕಾಯಿತು. ಹಜಾಯೇಲ್, ಯೇಹು ಇಬ್ಬರನ್ನು ಅರಸರಾಗಿ, ಎಲೀಷನನ್ನು ತನ್ನ ಬದಲಿಗೆ ಪ್ರವಾದಿಯಾಗಿ, ಹೀಗೆ ಮೂವರನ್ನು ಅಭಿಷೇಕಿಸುವ ಕೆಲಸವನ್ನೂ ಎಲೀಯನಿಗೆ ವಹಿಸಿದ. ಎಲೀಯ ಮಾಡಿದ್ದು ಹೊಲ ಉಳುತ್ತಿದ್ದ ಎಲೀಷನ ಮೇಲೆ ತನ್ನ ಕಂಬಳಿ ಹಾಕಿ, ನನ್ನ ನಂತರ ನೀನು ಎಂದು ಗುರುತು ಕೊಟ್ಟಿದ್ದು. ಯೇಹುವಿನ ಅಭಿಷೇಕವಾದದ್ದು ಆಮೇಲೆ, ಎಲೀಷ ಕಳಿಸಿದ ಶಿಷ್ಯನ ಕೈಯಿಂದ. ಹಾಗೆಂದು ಎಲೀಯ ಕೆಲಸಗಳ್ಳ ಎಂದು ಬೈಬಲ್ ಎಲ್ಲೂ ಬರೆದಿಲ್ಲ.

ನಿಮ್ಮ ಕೈಯಲ್ಲೇ ಕಲಿತು ಈಗ ಕಾಲೇಜಿಗೆ ಹೋಗುವವರು ಇದ್ದೇ ಇರುತ್ತಾರೆ. ಇಬ್ಬರನ್ನು ಕರೆದು ಹಾಜರಿ ಪುಸ್ತಕ, ಬೀರುವಿನ ಕೀಲಿ ಕೊಡಿ. ಹಾಡು ರಾಗ ತಪ್ಪಿದರೂ ಫೋನ್ ಮಾಡಬೇಡಿ. ಶಾಲಿನ ವಿಷಯವನ್ನು ಗಾಯನ ತಂಡದವರ ಹತ್ತಿರ ಆಡದೆ ಸಭಾಪಾಲಕರಿಗೆ ನೇರವಾಗಿ ಹೇಳಿ.

ಪಾಪವೇ ಎಂದು ಕೇಳಿದ್ದೀರಿ. ಅಲ್ಲ. ರಜೆ ಮುಗಿದ ಮೇಲೆ ಮನಸ್ಸಿದ್ದರೆ ಸಣ್ಣ ಮಕ್ಕಳ ತರಗತಿ ಒಂದನ್ನು ಇಟ್ಟುಕೊಳ್ಳಿ, ಹೂವು ನಾಟಕ ಬೇರೆಯವರು ನೋಡಿಕೊಳ್ಳಲಿ.